ಫ್ವೆಂಹಿರೋಲಾದ ಇಂಗ್ಲಿಷ್ ಕೆಫೆ: ಟೀಗೆ ಐದು ಸ್ಟಾರ್, ಬೀನ್ಸಿಗೆ ಎರಡು, ಮಾತಿಗೆ ಲೆಕ್ಕವೇ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಕೆಫೆಯ ಹೆಸರು ಬರೆಯುವುದಿಲ್ಲ. ಕೆಳಗೆ ಬೀನ್ಸಿನ ಬಗ್ಗೆ, ಬಿಲ್ಲಿನ ಬಗ್ಗೆ ನಾಲ್ಕು ಮಾತು ಬೈದಿದ್ದೇನೆ. ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಟೀ ಕುಡಿಯಲು ಹೋಗಬೇಕು, ಸುಮ್ನೆ ಯಾಕೆ ಜಗಳ.

ಜಾಗ ಸ್ಪೇನಿನ ದಕ್ಷಿಣದ ಕರಾವಳಿ, ಕೋಸ್ಟಾ ಡೆಲ್ ಸೋಲ್. ಮಾಲಗಾದಲ್ಲಿ ಸಿ-1 ರೈಲು ಹತ್ತಿ, ವಿಮಾನ ನಿಲ್ದಾಣ, ತೊರ್ರೆಮೋಲಿನೋಸ್, ಬೆನಾಲ್ಮಾದೆನಾ ಎಲ್ಲ ದಾಟಿ ಕೊನೆಯ ಸ್ಟೇಷನ್‌ವರೆಗೆ ಕೂತರೆ ಫ್ವೆಂಹಿರೋಲಾ. ಸ್ಪೇನಿನವರು ಊರಿನ ಹೆಸರನ್ನು ಹೀಗೆ ಹೇಳುತ್ತಾರೆ, ಆದರೆ ಬರೆಯುವಾಗ ನಡುವೆ ಒಂದು 'ಜಿ' ಅಕ್ಷರ ಇದೆ. ಅದಕ್ಕೇ ಇಲ್ಲಿನ ಬ್ರಿಟಿಷರು ಇಪ್ಪತ್ತು ವರ್ಷ ಇದ್ದರೂ 'ಫ್ಯುಯೆಂಜಿರೋಲಾ' ಅಂತಲೇ ಅನ್ನುತ್ತಾರೆ. ಯಾರೂ ತಿದ್ದುವುದಿಲ್ಲ, ಟ್ಯಾಕ್ಸಿಯವರೂ ಅಷ್ಟೆ.

ನಾನು ಮಾಲಗಾದ ಟೆಕ್ನಾಲಜಿ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ, ವಾರದಲ್ಲಿ ಮೂರು ದಿನ ಮನೆಯಿಂದ. ಬಂದ ಹೊಸದರಲ್ಲಿ ಇಲ್ಲಿನ ಬಾರುಗಳಲ್ಲಿ ಟೀ ಕೇಳಿ ಸಾಕಾಗಿ ಹೋಗಿತ್ತು. ಕಾಫಿಯ ವಿಷಯಕ್ಕೆ ಮಾಲಗಾದವರನ್ನು ಮೀರಿಸುವವರಿಲ್ಲ, ಹಾಲು ಎಷ್ಟು ಕಾಫಿ ಎಷ್ಟು ಅನ್ನುವುದಕ್ಕೆ ಒಂದೊಂದು ಅಳತೆಗೂ ಒಂದೊಂದು ಹೆಸರು ಇಟ್ಟಿದ್ದಾರೆ. ಅರ್ಧಕ್ಕರ್ಧ ಬೇಕಾದರೆ 'ಮಿತಾದ್', ಹಾಲು ಜಾಸ್ತಿ ಕಾಫಿ ಹನಿಯಷ್ಟು ಬೇಕಾದರೆ 'ನೂಬೆ', ಅಂದರೆ ಮೋಡ. ಟೀ ಅಂದರೆ ಮಾತ್ರ ಉಗುರು ಬೆಚ್ಚಗಿನ ನೀರಿನಲ್ಲಿ ತೇಲುವ ಒಂದು ಚೀಲ. ಹೀಗೇ ಒಂದು ದಿನ ಸಮುದ್ರದ ಕಡೆ ನಡೆಯುವಾಗ ಯೂನಿಯನ್ ಜಾಕ್ ಬಾವುಟ ನೇತುಹಾಕಿದ ಈ ಅಂಗಡಿ ಕಂಡಿತು, ಬಾಗಿಲ ಹತ್ತಿರ ಕುದಿಯುವ ನೀರಿನ ಹಬೆ ಕಂಡಿತು, ಒಳಗೆ ಹೋದೆ.

"ಏನು ಕೊಡಲಿ, ಲವ್?" ಅಂದರು ಒಡತಿ. ಲಿವರ್‌ಪೂಲ್ ಕಡೆಯವರು, ಅರವತ್ತರ ಆಸುಪಾಸು. ಎಲ್ಲರಿಗೂ ಲವ್, ಪೋಸ್ಟಿನವನಿಗೂ ಲವ್, ಗ್ಯಾಸ್ ಸಿಲಿಂಡರ್ ತರುವವನಿಗೂ ಲವ್. ಟೀ ಅಂದೆ. ಅವರು ಮೊದಲು ಪಿಂಗಾಣಿ ಪಾಟಿಗೆ ಬಿಸಿನೀರು ಹಾಕಿ ತಿರುಗಿಸಿ ಚೆಲ್ಲಿದರು. ಆಮೇಲೆ ಎರಡು ಚೀಲ ಹಾಕಿದರು, ಕುದಿಕುದಿಯುವ ನೀರು ಹಾಕಿದರು, ಮುಚ್ಚಿದರು. "ನಾಲ್ಕು ನಿಮಿಷ ಮುಟ್ಟಬೇಡ" ಅಂತ ಬೆರಳು ತೋರಿಸಿ ಹೋದರು. ಹಾಲು ಬೇರೆ ಪುಟ್ಟ ಜಗ್ಗಿನಲ್ಲಿ, ತಣ್ಣಗೆ. ಇಟ್ಟಿಗೆಯ ಬಣ್ಣ ಬಂದ ಆ ಟೀ ಕುಡಿದಾಗ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಪಾಟ್ ಪೂರ್ತಿ 2.20 ಯೂರೋ, ಮೇಲೆ ಒಂದು ಸಲ ಬಿಸಿನೀರು ಫ್ರೀ. ಇದಕ್ಕೆ ಐದು ಸ್ಟಾರ್, ಚರ್ಚೆ ಬೇಡ.

ಇನ್ನು ತಿಂಡಿ. ಫುಲ್ ಇಂಗ್ಲಿಷ್ 8.50 ಯೂರೋ. ಎರಡು ಮೊಟ್ಟೆ, ಎರಡು ಸಾಸೇಜ್, ಬೇಕನ್, ಅಣಬೆ, ಸುಟ್ಟ ಟೊಮೆಟೊ, ಆಲೂಗಡ್ಡೆಯ ಹ್ಯಾಶ್ ಬ್ರೌನ್, ಟೊಮೆಟೊ ಸಾಸಿನಲ್ಲಿರುವ ಡಬ್ಬಿ ಬೀನ್ಸ್, ಎಣ್ಣೆಯಲ್ಲಿ ಕರಿದ ಬ್ರೆಡ್. ತಟ್ಟೆ ಸಾಲುವುದಿಲ್ಲ. ಮೊಟ್ಟೆ ಚೆನ್ನಾಗಿ ಮಾಡುತ್ತಾರೆ, ಅಂಚು ಗರಿಗರಿ, ಹಳದಿ ಮುಟ್ಟಿದರೆ ಹರಿಯುವ ಹಾಗೆ. ಸಾಸೇಜ್ ಇಂಗ್ಲೆಂಡಿನದ್ದಲ್ಲ. ಬ್ರೆಕ್ಸಿಟ್, ಅಂದರೆ ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಟ್ಟು ಹೊರಬಿದ್ದ ಮೇಲೆ ಫ್ರೆಶ್ ಸಾಸೇಜ್ ಆ ಕಡೆಯಿಂದ ತರುವ ಹಾಗಿಲ್ಲ, ಈಗ ಈ ಕರಾವಳಿಯಲ್ಲೇ ಇಂಗ್ಲಿಷ್ ಮಾಂಸದಂಗಡಿಯವರು ಮಾಡಿಕೊಡುತ್ತಾರೆ. ನನಗೆ ವ್ಯತ್ಯಾಸ ಗೊತ್ತಾಗಲ್ಲ, ಪಕ್ಕದ ಟೇಬಲಿನವರು ಮಾತ್ರ ಪ್ರತಿ ತುತ್ತಿಗೂ ನಿಟ್ಟುಸಿರು ಬಿಡುತ್ತಾರೆ. ಬ್ಲ್ಯಾಕ್ ಪುಡ್ಡಿಂಗ್ ಅನ್ನುವ ರಕ್ತದ ಸಾಸೇಜಿಗೆ ಬೇರೆ ದುಡ್ಡು, ಒಂದು ಸಲ ತಿಂದೆ, ಅದು ಇಲ್ಲಿನ ಮೊರ್ಸಿಯಾದ ಇಂಗ್ಲಿಷ್ ಸೋದರ ಅಷ್ಟೆ. ಬೀನ್ಸ್ ಮಾತ್ರ ಐದು ಸಲ ಹೋದರೆ ಮೂರು ಸಲ ತಣ್ಣಗಿರುತ್ತದೆ. ಡಬ್ಬಿ ತೆರೆದು ಬಿಸಿ ಮಾಡುವುದಕ್ಕೂ ಸೋಮಾರಿತನವೇ? ಕೇಳಿದರೆ "ತಟ್ಟೆ ಬಿಸಿ ಇದೆಯಲ್ಲ, ಲವ್" ಅಂತ ಉತ್ತರ. ಎರಡು ಸ್ಟಾರ್, ಅದೂ ಒಡತಿಯ ಮುಖ ನೋಡಿ.

ಭಾನುವಾರದ ರೋಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 13.95 ಯೂರೋ, ಆಗಸ್ಟಿನ 35 ಡಿಗ್ರಿಯಲ್ಲಿ ಬಿಸಿ ಗ್ರೇವಿ ಸುರಿದುಕೊಂಡು ತಿನ್ನುವವರ ಧೈರ್ಯಕ್ಕೆ ನಮಸ್ಕಾರ.

ಆದರೆ ಇಲ್ಲಿಗೆ ಯಾರೂ ತಿಂಡಿಗೆ ಬರುವುದಿಲ್ಲ. ಮಾತಿಗೆ ಬರುತ್ತಾರೆ. ಕಿಟಕಿ ಪಕ್ಕದ ಟೇಬಲ್ ಬೆಳಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ಮೂವರ ಸೊತ್ತು, ಹೊಸಬರು ಅಲ್ಲಿ ಕೂತರೆ ಒಡತಿಯೇ ಬಂದು ನಯವಾಗಿ ಎಬ್ಬಿಸುತ್ತಾರೆ. ನನ್ನನ್ನೂ ಎಬ್ಬಿಸಿದರು. ಪಕ್ಕದ ಪುಟ್ಟ ಟೇಬಲಿಗೆ ಕೂರಿಸಿದರು, ಅಲ್ಲಿಂದ ಎಲ್ಲ ಕೇಳಿಸುತ್ತದೆ. ಮೂರನೇ ವಾರಕ್ಕೆ ನನ್ನ ಕುರ್ಚಿ ತಾನಾಗಿ ಅವರ ಕಡೆ ತಿರುಗಿತ್ತು.

ಒಬ್ಬರು ಯಾರ್ಕ್‌ಷೈರಿನವರು, ಲಾರಿ ಓಡಿಸಿ ನಿವೃತ್ತರು, 2003ರಲ್ಲಿ ಬಂದವರು. ನನ್ನನ್ನು 'ಸನ್' ಅಂತ ಕರೆಯುತ್ತಾರೆ. ಇನ್ನೊಬ್ಬರು ನರ್ಸ್ ಆಗಿದ್ದ ಅಮ್ಮ, 1998ರಲ್ಲಿ ಬಂದಿದ್ದು, ಯೂರೋಗೆ ಮುಂಚೆ ಸ್ಪೇನಿನಲ್ಲಿದ್ದ ಪೆಸೆಟಾ ಹಣದ ಕಾಲದವರು, ಒಂದು ಯೂರೋ ಅಂದರೆ ಸುಮಾರು 166 ಪೆಸೆಟಾ. ದೊಡ್ಡ ಮೊತ್ತ ಬಂದರೆ ಈಗಲೂ 166ರಿಂದ ಗುಣಿಸಿ ಹೌಹಾರುತ್ತಾರೆ. ಮೂರನೆಯವರು ಕೆಂಟ್ ಕಡೆಯ ಬ್ಯಾಂಕಿನವರು, 2019ರಲ್ಲಿ, ಬ್ರೆಕ್ಸಿಟ್ ಆಗಿ ಬಾಗಿಲು ಮುಚ್ಚುವ ಮುಂಚೆ ಒಳಗೆ ನುಗ್ಗಿದವರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಯಾವಾಗಲೂ ಪೆನ್ನು. ಸ್ಪೇನಿನಲ್ಲಿ ಹೆಸರು ನೋಂದಾಯಿಸಿಕೊಂಡ ಬ್ರಿಟಿಷರೇ ಎರಡೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದಾರೆ. ಅವರೆಲ್ಲರ ಪರವಾಗಿ ಈ ಮೂವರು ದಿನಾ ಪಂಚಾಯಿತಿ ಮಾಡುತ್ತಾರೆ ಅಂದುಕೊಳ್ಳಿ.

ಶುರುವಾಗುವುದು ಪೌಂಡಿನ ರೇಟಿನಿಂದ. ಕೌಂಟರಿನ ಪಕ್ಕ ಪುಟ್ಟ ಕರಿಹಲಗೆಯಲ್ಲಿ ಒಡತಿ ದಿನಾ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಪೆನ್ಷನ್ ಬರುವುದು ಪೌಂಡಿನಲ್ಲಿ, ಖರ್ಚು ಯೂರೋದಲ್ಲಿ, ಹಾಗಾಗಿ ಹವಾಮಾನಕ್ಕಿಂತ ಇದು ಮುಖ್ಯ. 2015ರಲ್ಲಿ ಒಂದು ಪೌಂಡಿಗೆ 1.40 ಯೂರೋ ಸಿಕ್ಕಿದ್ದನ್ನು ಇವರು ಮನೆಯ ಹಿರಿಯರ ನೆನಪಿನ ಹಾಗೆ ಹೇಳುತ್ತಾರೆ. 2016ರ ಜೂನ್ 23ರ ಬ್ರೆಕ್ಸಿಟ್ ಮತದಾನ ಆದ ಮೇಲೆ ಅದು ಬಿದ್ದಿದ್ದು ಮತ್ತೆ ಆ ಎತ್ತರಕ್ಕೆ ಏಳಲೇ ಇಲ್ಲ.

ಇಲ್ಲಿಗೆ ಬಂತೆಂದರೆ ಜಗಳ ಶುರು. ಯಾಕೆಂದರೆ ಲಾರಿಯವರು ಆವತ್ತು ಯೂರೋಪ್ ಬಿಟ್ಟು ಹೊರಬರಬೇಕು ಅಂತಲೇ ವೋಟು ಹಾಕಿದವರು! ಹೌದು, ಸ್ಪೇನಿನಲ್ಲಿ ಕೂತು, ಸ್ಪೇನಿನ ಬಿಸಿಲು ಕಾಯಿಸಿಕೊಳ್ಳುತ್ತಾ, ಪೋಸ್ಟಲ್ ವೋಟು. ನರ್ಸಮ್ಮನಿಗೆ ಆಗ ವೋಟೇ ಇರಲಿಲ್ಲ. ದೇಶ ಬಿಟ್ಟು 15 ವರ್ಷ ದಾಟಿದವರಿಗೆ ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಲ್ಲ ಅಂತ ಆಗ ಕಾನೂನು. ಲಾರಿಯವರಿಗೆ 13 ವರ್ಷ ಆಗಿತ್ತು, ಇವರಿಗೆ 18. "ನನ್ನ ವೋಟು ಅವರು ಕಿತ್ತುಕೊಂಡರು, ನಿನ್ನದನ್ನು ನೀನೇ ಹಾಳು ಮಾಡಿಕೊಂಡೆ" ಅಂತ ಈ ಅಮ್ಮ ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಲಾರಿಯವರು ಟೋಸ್ಟಿಗೆ ಬೆಣ್ಣೆ ಸವರುತ್ತಾ ಕೂರುತ್ತಾರೆ.

ಆ 15 ವರ್ಷದ ನಿಯಮ ಈಗ ಇಲ್ಲ, 2024ರ ಜನವರಿಯಲ್ಲಿ ತೆಗೆದರು. ಹ್ಯಾರಿ ಶಿಂಡ್ಲರ್ ಅಂತ ಇಟಲಿಯಲ್ಲಿದ್ದ ಎರಡನೇ ಮಹಾಯುದ್ಧದ ಸೈನಿಕರೊಬ್ಬರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು, ಅದು ಜಾರಿಯಾಗುವ ಮುಂಚೆ, 2023ರಲ್ಲಿ, 101ನೇ ವಯಸ್ಸಿಗೆ ತೀರಿಕೊಂಡರು. ನರ್ಸಮ್ಮ ಅವರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. 2024ರ ಜುಲೈ 4ರ ಚುನಾವಣೆಗೆ ಆಸೆಯಿಂದ ಹೆಸರು ಸೇರಿಸಿಕೊಂಡರು. ಪೋಸ್ಟಿನಲ್ಲಿ ಮತಪತ್ರ ಬಂತು, ಚುನಾವಣೆ ಮುಗಿದ ಮೇಲೆ. ಆ ಲಕೋಟೆಯನ್ನು ತೆರೆಯದೆ ಕೈಚೀಲದಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದರು, ಬಂದವರಿಗೆಲ್ಲ ತೋರಿಸುತ್ತಿದ್ದರು, ಮೂಲೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

ಇನ್ನು ಲೈಸೆನ್ಸಿನ ಕಥೆ. ಇದು ನಾನು ಬರುವ ಮುಂಚೆ ಆಗಿದ್ದು, ಆದರೆ ಹತ್ತು ಸಲ ಕೇಳಿದ್ದೇನೆ, ಪ್ರತಿ ಸಲ ಹೊಸದಾಗಿ ಒಂದು ವಿವರ ಸೇರುತ್ತದೆ. ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್ ಸ್ಪೇನಿನ ನಿವಾಸಿಗಳಿಗೆ ನಡೆಯುತ್ತದೋ ಇಲ್ಲವೋ ಅಂತ ಎರಡು ಸರ್ಕಾರಗಳು ಎಳೆದಾಡಿದವು. 2022ರ ಮೇ 1ರಿಂದ ನಡೆಯಲ್ಲ ಅಂತಾಯಿತು. ಒಪ್ಪಂದ ಜಾರಿಗೆ ಬಂದಿದ್ದು 2023ರ ಮಾರ್ಚ್ 16ಕ್ಕೆ. ಹತ್ತೂವರೆ ತಿಂಗಳು! ಮುಂಚೆಯೇ ಬದಲಾಯಿಸಿಕೊಂಡವರು ಬಚಾವ್, ಮಾಡದವರು ಸ್ಪೇನಿನಲ್ಲಿ ಮೊದಲಿನಿಂದ ಪರೀಕ್ಷೆ ಬರೆದು ಪಾಸಾಗಬೇಕು. ನಲವತ್ತು ವರ್ಷ ಯೂರೋಪಿನ ಎಲ್ಲ ಹೆದ್ದಾರಿಗಳಲ್ಲಿ ಲಾರಿ ಓಡಿಸಿದ ಮನುಷ್ಯ ಕಾರಿನ ಕೀಲಿ ಡ್ರಾಯರಿಗೆ ಹಾಕಿ ಕೂತರು. ಅವರನ್ನು ಆಸ್ಪತ್ರೆಗೆ, ಅಂಗಡಿಗೆ, ಮಂಗಳವಾರದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದವರು ಯಾರು ಅಂತೀರಿ? ಇದೇ ನರ್ಸಮ್ಮ, ಸೀಟ್ ಕಂಪನಿಯ ತಮ್ಮ ಪುಟ್ಟ ಕಾರಿನಲ್ಲಿ. "ದಾರಿಯುದ್ದಕ್ಕೂ ಬ್ರೆಕ್ಸಿಟ್ ಬಗ್ಗೆ ಮಾತಾಡುತ್ತಿದ್ದಳು, ಇಳಿಯೋಕೂ ಆಗ್ತಿರಲಿಲ್ಲ" ಅನ್ನುತ್ತಾರೆ ಲಾರಿಯವರು.

ಒಂದು ವಿಷಯ ನನಗೆ ಮೊದಲಿನಿಂದ ಚುಚ್ಚುತ್ತಿತ್ತು. ಕೆಫೆಯ ಬಾಗಿಲಿಗೆ 'ಗುರುವಾರ ಎಕ್ಸ್‌ಪ್ಯಾಟ್ ಕ್ವಿಜ್' ಅಂತ ಹಾಳೆ ಅಂಟಿಸಿದ್ದಾರೆ. ಎಕ್ಸ್‌ಪ್ಯಾಟ್ ಅಂದರೆ ತನ್ನ ದೇಶ ಬಿಟ್ಟು ಹೊರಗೆ ನೆಲೆಸಿದವರು, ಹಾಗಾದರೆ ಯಾರ್ಯಾರು? ಒಂದಿನ ಕೇಳಿಯೇ ಬಿಟ್ಟೆ, ನಾನೂ ಬರಬಹುದಾ ಅಂತ. "ಬಾ ಬಾ, ಆದರೆ ನೀನು ಎಕ್ಸ್‌ಪ್ಯಾಟ್ ಅಲ್ಲ ಸನ್, ನೀನು ಕೆಲಸಕ್ಕೆ ಬಂದವನು, ಅದು ಬೇರೆ" ಅಂದರು ಲಾರಿಯವರು. ಹೇಗೆ ಬೇರೆ ಅಂದೆ. ಯೋಚಿಸಿದರು. ಹೊಳೆಯಲಿಲ್ಲ. ಆಗ ನಾನು ನನ್ನ ನಿವಾಸದ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟೆ, ಅವರೂ ತಮ್ಮದು ಇಟ್ಟರು. ಟಿಐಇ ಅನ್ನುತ್ತಾರೆ ಅದಕ್ಕೆ, ವಿದೇಶಿಯರ ಗುರುತಿನ ಚೀಟಿ. ಒಂದೇ ಅಳತೆ, ಅದೇ ಮಬ್ಬು ಫೋಟೋ, ಅದೇ ಬೆರಳಚ್ಚು. ಅವರದರಲ್ಲಿ 'ಆರ್ಟಿಕಲ್ 50' ಅಂತ ಸ್ಪ್ಯಾನಿಷಿನಲ್ಲಿ ಒಂದು ಸಾಲು ಜಾಸ್ತಿ, ಬ್ರೆಕ್ಸಿಟ್‌ಗೆ ಮುಂಚೆ ಬಂದವರು ಅನ್ನುವುದಕ್ಕೆ. ನರ್ಸಮ್ಮ ಎರಡೂ ಕಾರ್ಡನ್ನು ಕಲಸಿ, "ಯಾವುದು ವಲಸೆಗಾರನದು, ಆರಿಸು" ಅಂದರು. ಲಾರಿಯವರು ನಕ್ಕರು, ಸ್ವಲ್ಪ ತಡವಾಗಿ.

2025ರ ಮೇ ತಿಂಗಳು. ಮೇಲೆ ಟಿವಿಯಲ್ಲಿ ಬ್ರಿಟನ್ನಿನ ಪ್ರಧಾನಿ ಕಿಯರ್ ಸ್ಟಾರ್ಮರ್ ವಲಸೆ ಬಗ್ಗೆ ಮಾತಾಡುತ್ತಿದ್ದರು. ಹೀಗೇ ಹೋದರೆ ನಾವು ಅಪರಿಚಿತರ ದ್ವೀಪವಾಗುತ್ತೇವೆ ಅಂದರು. ಆಮೇಲೆ ಜೂನಿನಲ್ಲಿ ಆ ಮಾತಿಗೆ ಅವರೇ ಪಶ್ಚಾತ್ತಾಪ ಪಟ್ಟರು, ಅದು ಬೇರೆ. ಆವತ್ತು ಮಾತ್ರ ಕಿಟಕಿ ಟೇಬಲ್ ತಲೆದೂಗಿತು. ಬರುವವರು ಇಂಗ್ಲಿಷ್ ಇನ್ನೂ ಚೆನ್ನಾಗಿ ಕಲಿಯಬೇಕು ಅನ್ನುವ ಹೊಸ ನಿಯಮವನ್ನೂ ಸ್ಟಾರ್ಮರ್ ಹೇಳಿದ್ದರು. "ಅದು ಸರಿ, ಹೋದ ದೇಶದ ಭಾಷೆ ಕಲಿಯಬೇಕಪ್ಪ" ಅಂದರು ಲಾರಿಯವರು, ಬಲು ಗಂಭೀರವಾಗಿ, ಸ್ಪೇನಿಗೆ ಬಂದ 22ನೇ ವರ್ಷದಲ್ಲಿ. ಹತ್ತು ನಿಮಿಷ ಆಗಿರಲಿಲ್ಲ, ಫೋನ್ ನನ್ನ ಕೈಗೆ ಕೊಟ್ಟು, "ಸನ್, ಆರೋಗ್ಯ ಕೇಂದ್ರಕ್ಕೆ ಒಂದು ಕಾಲ್ ಮಾಡಿ ರಕ್ತ ಪರೀಕ್ಷೆಗೆ ಟೈಮ್ ತಗೋ, ಅವರು ಇಂಗ್ಲಿಷ್ ಮಾತಾಡಲ್ಲ" ಅಂದರು. ತಟ್ಟೆಯ ಹೆಗ್ಗಣ, ಪಕ್ಕದವರ ತಟ್ಟೆಯ ನೊಣ, ಆ ಗಾದೆ ಬಾಯಿವರೆಗೆ ಬಂತು. ನುಂಗಿಕೊಂಡೆ. ನನ್ನ ಸ್ಪ್ಯಾನಿಷೂ ತೂಗಿ ತೂಗಿ ನಡೆಯುವ ಸೈಕಲ್ಲು. 'ಬ್ವೆನೋಸ್ ದೀಯಾಸ್' ಆದ ಮೇಲೆ ಬೆವರಿದೆ. ಕೊನೆಗೆ ಅಂಗಡಿಯಲ್ಲಿ ಬಡಿಸುವ ಕೊಲಂಬಿಯಾದ ಹುಡುಗಿ ಫೋನ್ ಕಿತ್ತುಕೊಂಡು ಅರ್ಧ ನಿಮಿಷದಲ್ಲಿ ಮುಗಿಸಿದಳು.

ಆ ಹುಡುಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಸರ್ವಿಸ್ ಚೆನ್ನಾಗಿದೆ ಅಂತ ನಾನು ಬರೆದರೆ ಅದು ಅವಳೇ. ಆರು ಟೇಬಲಿನ ಆರ್ಡರು ಬರೆದುಕೊಳ್ಳದೆ ನೆನಪಿಡುತ್ತಾಳೆ. ಲ್ಯಾಟಿನ್ ಅಮೆರಿಕದವರು ಕಾನೂನುಬದ್ಧವಾಗಿ ಎರಡು ವರ್ಷ ಇದ್ದರೆ ಸ್ಪೇನಿನ ಪೌರತ್ವ ಕೇಳಬಹುದು. ನಮಗೂ ಬ್ರಿಟಿಷರಿಗೂ ಹತ್ತು ವರ್ಷ, ಜೊತೆಗೆ ಭಾಷೆಯ ಪರೀಕ್ಷೆ, ಜೊತೆಗೆ ಹಳೆಯ ಪೌರತ್ವ ಬಿಡುತ್ತೇನೆ ಅಂತ ಹೇಳಿಕೆ. "ನಿಮಗಿಂತ ಮುಂಚೆ ನಾನೇ ಇಲ್ಲಿಯವಳಾಗುತ್ತೇನೆ, ಆಗ ನಿಮ್ಮನ್ನೆಲ್ಲ ಓಡಿಸುತ್ತೇನೆ" ಅಂತ ಟೇಬಲ್ ಒರೆಸುತ್ತಾ ಅಂದಳು. ಬ್ಯಾಂಕಿನವರಿಗೆ ಇದು ಜೋಕ್ ಅಂತ ತಕ್ಷಣ ಗೊತ್ತಾಗಲಿಲ್ಲ.

ಮನೆ ಬಾಡಿಗೆ ವಿಷಯ ಬಂದರೆ ಮಾತ್ರ ಅವಳು ತಮಾಷೆ ಮಾಡುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ಒಂದು ರೂಮಿಗೆ 450 ಯೂರೋ ಕೊಡುತ್ತಾಳೆ. 2024ರ ಜೂನ್ 29ರಂದು ಮಾಲಗಾದಲ್ಲಿ ಸಾವಿರಾರು ಜನ ಬಾಡಿಗೆ ವಿರುದ್ಧ ಬೀದಿಗಿಳಿದರು, ಪ್ರವಾಸಿಗರಿಗೆ ಫ್ಲ್ಯಾಟು ಕೊಟ್ಟು ಕೊಟ್ಟು ಊರಿನವರಿಗೆ ಮನೆ ಇಲ್ಲದ ಹಾಗಾಯಿತು ಅಂತ. ಅವಳೂ ಹೋಗಿದ್ದಳು. ಮರುದಿನ ಕಿಟಕಿ ಟೇಬಲಿನಲ್ಲಿ ಅದೇ ಮಾತು. "ಅವರ ಸಿಟ್ಟು ಪ್ರವಾಸಿಗರ ಮೇಲೆ, ನಮ್ಮ ಮೇಲಲ್ಲ" ಅಂದರು ಬ್ಯಾಂಕಿನವರು. ಈ ಮಹಾನುಭಾವರ ಹತ್ತಿರ ಸ್ವಂತ ಮನೆ ಬಿಟ್ಟು ಎರಡು ಫ್ಲ್ಯಾಟಿವೆ, ಎರಡನ್ನೂ ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುತ್ತಾರೆ. ನರ್ಸಮ್ಮ ಏನೂ ಹೇಳದೆ ಅವರ ಮುಖ ನೋಡಿದರು. ಹುಡುಗಿ ಖಾಲಿ ಕಪ್ಪುಗಳನ್ನು ಸ್ವಲ್ಪ ಜೋರಾಗಿ ಎತ್ತಿದಳು.

2025ರ ಜನವರಿಯಲ್ಲಿ ಸ್ಪೇನಿನ ಪ್ರಧಾನಿ ಪೆದ್ರೋ ಸಾಂಚೆಸ್, ಯೂರೋಪಿಯನ್ ಒಕ್ಕೂಟದ ಹೊರಗಿನವರು, ಇಲ್ಲಿ ವಾಸ ಮಾಡದವರು ಮನೆ ಕೊಂಡರೆ 100 ಪರ್ಸೆಂಟ್‌ವರೆಗೂ ತೆರಿಗೆ ಹಾಕುವ ಪ್ರಸ್ತಾಪ ಹೇಳಿದರು. ಬ್ಯಾಂಕಿನವರು ಕೆಂಡ. ಇದು ಅನ್ಯಾಯ, ಇದು ಲೂಟಿ, ಇದು ಬ್ರಿಟಿಷರ ಮೇಲಿನ ದ್ವೇಷ. ಎರಡನೇ ಪಾಟ್ ಟೀ ಬರುವ ಹೊತ್ತಿಗೆ ಅವರಿಗೇ ಹೊಳೆಯಿತು, ತಾವು ಇಲ್ಲಿನ ನಿವಾಸಿ, ತಮಗೆ ಇದು ತಾಗುವುದಿಲ್ಲ, ಹೊಸಬರಿಗೆ ಕೊಳ್ಳುವುದು ಕಷ್ಟವಾದರೆ ಏನಾಗುತ್ತದೆ ಅಂತ ಪೆನ್ನು ತೆಗೆದು ಟಿಶ್ಯೂ ಮೇಲೆ ಲೆಕ್ಕ ಶುರು ಮಾಡಿದರು. ಸಿಟ್ಟು ಇಳಿಯಿತು.

ಅವರ ಟಿಶ್ಯೂ ಲೆಕ್ಕ ಒಂದು ಸಲ ಪ್ರಯೋಜನಕ್ಕೂ ಬಂತು, ಹೇಳದಿದ್ದರೆ ತಪ್ಪಾಗುತ್ತದೆ. ವೇಲ್ಸಿನ ಒಂದು ದಂಪತಿ ರಜೆಗೆ ಬಂದಿದ್ದರು, ಇಲ್ಲೇ ಉಳಿದುಬಿಡುವ ಆಸೆ. ಮೊದಲಾಗಿದ್ದರೆ ಸೂಟ್‌ಕೇಸ್ ತಂದರೆ ಮುಗಿಯಿತು. ಈಗ ವೀಸಾ ಇಲ್ಲದೆ 180 ದಿನದಲ್ಲಿ 90 ದಿನ ಮಾತ್ರ. ಉಳಿಯಬೇಕಾದರೆ ಕೆಲಸ ಮಾಡದೆ ಬದುಕುವವರ ವೀಸಾ, ಅದಕ್ಕೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಒಬ್ಬರಿಗೆ 28,800 ಯೂರೋ ಆದಾಯ ತೋರಿಸಬೇಕಿತ್ತು, ಜೊತೆಗಾರರಿಗೆ ಇನ್ನೊಂದು 7,200. ಒಟ್ಟು 36,000. ಬ್ಯಾಂಕಿನವರು ಬರೆದರು: ಪೂರ್ತಿ ಸರ್ಕಾರಿ ಪೆನ್ಷನ್ ಆಗ ವಾರಕ್ಕೆ 230.25 ಪೌಂಡ್, 52 ವಾರ, ಇಬ್ಬರಿಗೆ, ಆವತ್ತಿನ ಕರಿಹಲಗೆಯ ರೇಟು. ಸುಮಾರು 28,000 ಯೂರೋ ಬಂತು. "ಇನ್ನು 8,000 ಎಲ್ಲಿಂದ?" ಅಂತ ಕೇಳಿದರು, ಮೆತ್ತಗೆ. ಖಾಸಗಿ ಪೆನ್ಷನ್ ಇಲ್ಲವಂತೆ. ಆ ಹೆಂಗಸು ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. ಲಾರಿಯವರು ಆ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ, ಕಿಟಕಿ ಹೊರಗೆ ನೋಡುತ್ತಿದ್ದರು. ಅವರಿಬ್ಬರ ಟೀ ದುಡ್ಡು ಮಾತ್ರ ಇವರೇ ಕೊಟ್ಟರು.

ಪೆನ್ಷನ್ ಬಗ್ಗೆ ಇನ್ನೊಂದು ಗೊಣಗಾಟ ಚಳಿಗಾಲದ ಇಂಧನ ಭತ್ಯೆ. ಸ್ಪೇನಿನಲ್ಲಿರುವವರಿಗೆ ಅದು 2015ರಿಂದಲೇ ಇಲ್ಲ, ಇಲ್ಲಿ ಚಳಿ ಸಾಲದು ಅಂತ. ಸರಿ ಅಲ್ವಾ ಅಂದೆ. ಜನವರಿಯಲ್ಲಿ ನಮ್ಮ ಮನೆಗೆ ಬಾ ಅಂದರು ನರ್ಸಮ್ಮ. ಹೋದೆ. ಹೀಟರ್ ಇಲ್ಲದ ಮನೆ, ಮಾರ್ಬಲ್ ನೆಲ, ಒಳಗೆ ಕೋಟು ಹಾಕಿಕೊಂಡು ಕೂತಿದ್ದೆವು. ಬಿಸಿಲು ಹೊರಗೆ, ಚಳಿ ಒಳಗೆ, ಇಲ್ಲಿನ ಮನೆಗಳು ಹಾಗೇ. ಆದರೂ ಇಲ್ಲಿ ಪೆನ್ಷನ್ ವರ್ಷವರ್ಷ ಏರುತ್ತದೆ, 2025ರ ಏಪ್ರಿಲಿನಲ್ಲಿ 4.1 ಪರ್ಸೆಂಟ್ ಏರಿತು. ಬ್ಯಾಂಕಿನವರ ಅಣ್ಣ ಆಸ್ಟ್ರೇಲಿಯಾದಲ್ಲಿದ್ದಾರೆ, ಅಲ್ಲಿದ್ದವರಿಗೆ ಶುರುವಾದ ಮೊತ್ತಕ್ಕೇ ನಿಂತುಬಿಡುತ್ತದೆ, ಸಾಯುವವರೆಗೂ ಒಂದು ಪೆನ್ನಿ ಏರುವುದಿಲ್ಲ. ಅಣ್ಣನ ಫೋನ್ ಬಂದ ದಿನ ಇವರು ಗೊಣಗುವುದು ಕಮ್ಮಿ.

ಈಗ ಬಿಲ್ಲಿನ ಜಗಳ. 2025ರ ಏಪ್ರಿಲ್ 28, ಸೋಮವಾರ. ಮಧ್ಯಾಹ್ನ ಹನ್ನೆರಡೂವರೆಗೆ ಸ್ಪೇನ್, ಪೋರ್ಚುಗಲ್ ಎರಡೂ ದೇಶದಲ್ಲಿ ಕರೆಂಟು ಹೋಯಿತಲ್ಲ, ಆವತ್ತು ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಇಂಟರ್‌ನೆಟ್ ಹೋಯಿತು, ಸ್ವಲ್ಪ ಹೊತ್ತಿಗೆ ಫೋನ್ ನೆಟ್‌ವರ್ಕೂ ಹೋಯಿತು. ಇಳಿದು ಕೆಫೆಗೆ ಬಂದೆ. ಇಡೀ ಬೀದಿಯಲ್ಲಿ ಕಾಫಿ ಮಷೀನುಗಳು ಸತ್ತಿದ್ದವು. ಇವರದು ಗ್ಯಾಸ್ ಒಲೆ, ದೊಡ್ಡ ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ಕಾಫಿ ಸಿಗದ ಸ್ಪೇನಿನವರೂ ಬಂದು ಟೀ ಕುಡಿದರು, ಮುಖ ಹಿಂಡಿಕೊಂಡು. ನರ್ಸಮ್ಮ ಮನೆಯಿಂದ ಬ್ಯಾಟರಿ ರೇಡಿಯೋ ತಂದರು, ಸುದ್ದಿ ಎಲ್ಲ ಸ್ಪ್ಯಾನಿಷಿನಲ್ಲಿ. ಹುಡುಗಿ ಒಂದು ಸಾಲು ಕೇಳಿ ಇಂಗ್ಲಿಷಿನಲ್ಲಿ ಹೇಳುವುದು, ಕೋಣೆ ಪೂರ್ತಿ ಸುಮ್ಮನಿದ್ದು ಕೇಳುವುದು, ಮತ್ತೆ ಒಂದು ಸಾಲು. ಲಾರಿಯವರು ರಷ್ಯಾದವರ ಕೆಲಸ ಅಂದರು, ಬ್ಯಾಂಕಿನವರು ಸೌರಶಕ್ತಿಯ ತಪ್ಪು ಅಂದರು, ಹುಡುಗಿ ಇಬ್ಬರಿಗೂ ಸುಮ್ಮನಿರಿ ಅಂದಳು. ಕಾರ್ಡ್ ನಡೆಯುತ್ತಿರಲಿಲ್ಲ, ಯಾರ ಹತ್ತಿರವೂ ಚಿಲ್ಲರೆ ಇಲ್ಲ, ಒಡತಿ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಸಾಲ ಕೊಟ್ಟರು.

ಮೂರು ದಿನ ಬಿಟ್ಟು ಸಾಲ ತೀರಿಸಲು ಹೋದರೆ ನನ್ನ ಹೆಸರಿನಲ್ಲಿ ಎರಡು ಫುಲ್ ಇಂಗ್ಲಿಷ್, ನಾಲ್ಕು ಟೀ! ನಾನು ಕುಡಿದಿದ್ದು ಒಂದು ಟೀ. ಒಡತಿ ನೋಟ್‌ಬುಕ್ ತೋರಿಸಿದರು, ನಾನು ಒಪ್ಪಲಿಲ್ಲ, ಸ್ವಲ್ಪ ದನಿ ಏರಿತು, 'ಲವ್' ಅನ್ನುವುದು ನಿಂತಿತು. ಕೊನೆಗೆ ಲಾರಿಯವರು ಕಿಟಕಿ ಕಡೆಯಿಂದ ಕೆಮ್ಮಿದರು. ಕರೆಂಟು ಹೋದ ದಿನ "ಹುಡುಗನ ಲೆಕ್ಕಕ್ಕೆ ಹಾಕು" ಅಂದಿದ್ದು ತಾವೇ ಅಂತೆ, ಆಮೇಲೆ ಕೊಡೋಣ ಅಂದುಕೊಂಡು ಮರೆತರಂತೆ. ಕೊಟ್ಟರು, ಸರಿ. ಆದರೆ ಒಡತಿ ನನಗೆ ಸಾರಿ ಹೇಳಲಿಲ್ಲ, ಮರುದಿನ ಬೀನ್ಸ್ ಬಿಸಿಯಾಗಿತ್ತು. ಅದೇ ಸಾರಿ ಅಂದುಕೊಂಡಿದ್ದೇನೆ. ಬಿಲ್ ಪದ್ಧತಿಗೆ ಎರಡೂವರೆ ಸ್ಟಾರ್.

ಹೋಗುವವರಿಗೆ ಬೇಕಾದ ವಿವರ: ಬುಧವಾರ ರಜೆ, ಬೆಳಗ್ಗೆ 9ರಿಂದ ಸಂಜೆ 4. ಹತ್ತು ಯೂರೋ ಒಳಗೆ ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಮಂಗಳವಾರ ಸಂತೆ ದಿನ, ಜಾಗ ಸಿಗಲ್ಲ. ಶುಕ್ರವಾರ ಹೋದರೆ 'ಸುರ್ ಇನ್ ಇಂಗ್ಲಿಷ್' ಪತ್ರಿಕೆ ಬಾಗಿಲಲ್ಲೇ ಪುಕ್ಕಟೆ ಸಿಗುತ್ತದೆ, ಆವತ್ತು ವಾದಕ್ಕೆ ವಿಷಯವೂ ಜಾಸ್ತಿ. ಶುಕ್ರವಾರದ ಪಂಚಾಯಿತಿ ಕೇಳಿದ ಮೇಲೆ ಪಕ್ಕದ ಸ್ಪ್ಯಾನಿಷ್ ಬಾರಿಗೆ ಹೋಗಿ ಟೊಮೆಟೊ ಹಚ್ಚಿದ ಒಂದು ಪಿತೂಫೋ ಬನ್ನು ತಿನ್ನಿ, ಹೊಟ್ಟೆಗೆ ಒಳ್ಳೆಯದು. ಇದನ್ನು ಒಡತಿಗೆ ಹೇಳಬೇಡಿ.

ಇತ್ತೀಚೆಗೆ ಮೇಜಿನ ಮುಖ್ಯ ವಿಷಯ ಬೆರಳಚ್ಚು. 2025ರ ಅಕ್ಟೋಬರ್ 12ರಿಂದ ಯೂರೋಪಿನ ಗಡಿಯಲ್ಲಿ ಹೊರಗಿನವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖ, ಬೆರಳು ದಾಖಲಿಸುವ ಪದ್ಧತಿ ಶುರುವಾಯಿತು. ನಿವಾಸದ ಕಾರ್ಡ್ ಇದ್ದವರಿಗೆ ಇದು ಇಲ್ಲ. ಆದರೆ ನರ್ಸಮ್ಮನ ತಂಗಿ ಬಂದಾಗ ಕೊಡಬೇಕಾಯಿತು. "ಕಳ್ಳರ ಹಾಗೆ" ಅಂತ ತಂಗಿ ಅತ್ತರಂತೆ. ನಾನು ನನ್ನ ಹತ್ತೂ ಬೆರಳು ಎತ್ತಿ ತೋರಿಸಿದೆ. ನನ್ನವು ಎಷ್ಟು ದೇಶದ ಎಷ್ಟು ಮಷೀನಿನಲ್ಲಿ ಇವೆಯೋ ಲೆಕ್ಕ ಇಟ್ಟಿಲ್ಲ. ಈ ಸಲ ಲಾರಿಯವರು ಬೇಗ ನಕ್ಕರು.

ಬ್ಯಾಂಕಿನವರ ಐದು ವರ್ಷದ ಕಾರ್ಡ್ ಮುಗಿಯುತ್ತಾ ಬಂದಿದೆ. ನನ್ನದೂ. ಪೊಲೀಸ್ ಠಾಣೆಯ ವಿದೇಶಿಯರ ವಿಭಾಗದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಅಂದರೆ ಬೆಳಗ್ಗೆ ಬೆಳಗ್ಗೆ ಕಂಪ್ಯೂಟರ್ ಮುಂದೆ ಕೂತು ಅದೃಷ್ಟ ನೋಡುವ ಕೆಲಸ. ಮೂರು ವಾರ ಇಬ್ಬರೂ ಕೆಫೆಯ ವೈಫೈನಲ್ಲೇ ಒತ್ತುತ್ತಾ ಕೂತೆವು, ಮೊನ್ನೆ ಒಂದೇ ದಿನಕ್ಕೆ ಇಬ್ಬರಿಗೂ ಸಿಕ್ಕಿತು, ನನಗೆ 9.20, ಅವರಿಗೆ 9.40. ಕಾರ್ಡಿನ ಶುಲ್ಕ ಕಟ್ಟುವ 790 ಫಾರ್ಮು ಇಬ್ಬರದೂ ನಾನೇ ತುಂಬಿದೆ. ಅವರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ, ಕೌಂಟರಿನಲ್ಲಿ ಮಾತಾಡುವುದು ನನ್ನ ಪಾಲಿನದಂತೆ. ಆಮೇಲೆ ತಿಂಡಿ ಇಲ್ಲೇ. ಯಾರ ಲೆಕ್ಕಕ್ಕೆ ಅಂತ ಈಗಲೇ ನೋಟ್‌ಬುಕ್ಕಿನಲ್ಲಿ ಬರೆಸಿದ್ದೇನೆ.